ಗುಡ್ಡದ ಮೇಲೆ ಫ್ಯಾನು, ಕೆಳಗೆ ಹೊಂಡ

ರಾಜೂರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದು ನಿಂತ ವರ್ಷ ನಾನು ಆ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ನನ್ನ ತವರು ನರಗುಂದ. ನೌಕರಿಗಾಗಿ ಗಜೇಂದ್ರಗಡದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಮರಳುತ್ತಿದ್ದೆ. ಊರವರು ಆ ಯಂತ್ರಗಳನ್ನು ಫ್ಯಾನು ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲಿ ನಾನೂ ಹಾಗೇ ಅನ್ನತೊಡಗಿದೆ.

ಆ ವರ್ಷ ಮುಂಗಾರು ಕೈಕೊಟ್ಟಿತು. ಮೋಡ ಕಟ್ಟುತ್ತಿತ್ತು, ಗುಡ್ಡ ದಾಟಿ ಹೋಗಿಬಿಡುತ್ತಿತ್ತು. ಫ್ಯಾನುಗಳು ಮೋಡ ಕತ್ತರಿಸುತ್ತವೆ ಎಂಬ ಮಾತು ಎಲ್ಲಿ ಹುಟ್ಟಿತೋ ತಿಳಿಯದು, ನನಗೆ ಅದು ಬಂದು ಮುಟ್ಟಿದ್ದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಂದ. ನಾನು ಬೋರ್ಡಿನ ಮೇಲೆ ಆಯಸ್ಕಾಂತ, ತಂತಿಯ ಸುರುಳಿ, ರೆಕ್ಕೆ ಎಲ್ಲ ಬರೆದು, ಗಾಳಿಯಿಂದ ವಿದ್ಯುತ್ತು ಹೇಗೆ ಹುಟ್ಟುತ್ತದೆ ಎಂದು ವಿವರಿಸಿದೆ. ಮೋಡಗಳು ಇವುಗಳ ತಲೆಗಿಂತ ಬಹಳ ಎತ್ತರದಲ್ಲಿರುತ್ತವೆ ಎಂದೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಮರುದಿನ ಅದೇ ಹುಡುಗಿ ಎದ್ದು ನಿಂತಳು.

“ಅಕ್ಕಾರ, ನಮ್ಮ ಆಯಿಗೆ ನೀವು ಹೇಳಿದ್ದು ಹೇಳಿದೆ. ಅದು ಪುಸ್ತಕದ ಮಾತು ಅಂದ್ಳ್ರಿ.”

ಅಕ್ಕಾರ ಎಂದರೆ ಆ ಕಡೆ ಶಿಕ್ಷಕಿ, ಆಯಿ ಎಂದರೆ ಅವಳ ಅಜ್ಜಿ. ಗುಡ್ಡದಲ್ಲಿ ಆಡು ಮೇಯಿಸುವವಳು. ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕಥೆ ಕೇಳಲು ಓಣಿಯ ಹೆಂಗಸರೂ ಮಕ್ಕಳೂ ಕೂಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಒಂದು ದಿನ ನಾನೂ ಹೋಗಿ ಕೂತೆ. ಅವಳು ಹೇಳುತ್ತಿದ್ದದ್ದು ಹೀಗಿತ್ತು: ಗಾಳಿ ಅಣ್ಣ, ಮಳೆ ತಂಗಿ. ವರ್ಷಕ್ಕೊಮ್ಮೆ ತಂಗಿಯನ್ನು ತವರಿಗೆ ಕರೆತರುವವನು ಅಣ್ಣನೇ. ಈಗ ಯಾರೋ ಬಂದು ಅಣ್ಣನನ್ನು ಗುಡ್ಡದ ಮೇಲೆ ಹಿಡಿದು ಗಾಣಕ್ಕೆ ಕಟ್ಟಿದ್ದಾರೆ. ಅವನು ಸುತ್ತುತ್ತಲೇ ಇದ್ದಾನೆ. ತಂಗಿಯನ್ನು ಕರೆಯಲು ಹೋಗುವವರು ಯಾರು?

ಕೇಳಿದ ಮೇಲೆ ನನ್ನ ಪಾಠ ಯಾಕೆ ಸೋತಿತು ಎಂದು ಗೊತ್ತಾಯಿತು. ನನ್ನದರಲ್ಲಿ ಸುರುಳಿ ಇತ್ತು. ಅವಳದರಲ್ಲಿ ಅಣ್ಣತಂಗಿ ಇದ್ದರು.

ಜನ ಎದ್ದು ಹೋದ ಮೇಲೆ ನಾನು ಮಾತು ತೆಗೆದೆ. “ಆಯಿ, ಕಣದಾಗ ರಾಶಿ ತೂರತೀರಲ್ಲ, ಗಾಳಿ ಹೊಟ್ಟು ಹಾರಿಸಿಕೊಂಡು ಹೋಗತೈತಿ. ಅಷ್ಟಕ್ಕ ಮುಂದಿನ ಕಣದವರಿಗೆ ಗಾಳಿ ಇಲ್ಲದಂಗ ಆಗತೈತೇನು?”

ಅವಳು ನನ್ನ ಕಡೆ ತಿರುಗಿ ಕೂತಳು. “ಅದೂ ಖರೇನ. ಆದ್ರ ಅಕ್ಕಾರ, ನಾ ಕಥಿ ಹೇಳಾಕಿ, ಸುಳ್ಳು ಹೇಳಾಕಿ ಅಲ್ಲ. ಫ್ಯಾನು ಬಂದದ್ದು ಕಂಡೇನಿ, ಮಳಿ ಹೋದದ್ದು ಕಂಡೇನಿ. ಎರಡೂ ಕೂಡಿಸಿ ಹೇಳೇನಿ.”

“ಹಂಗಾರ ಅಳದ ನೋಡೂಣು,” ಎಂದೆ. ಯೋಚಿಸಿ ಆಡಿದ ಮಾತಲ್ಲ ಅದು. ಆದರೆ ಆಡಿದ ಮೇಲೆ ಮಾಡಲೇಬೇಕಾಯಿತು.

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ತಗಡಿನ ಕೆಲಸ ಮಾಡುವ ಮುಸ್ಲಿಂ ಹಿರಿಯರೊಬ್ಬರಿದ್ದರು. ಚಿಮಣಿ, ಲಾಳಿಕೆ, ಎಣ್ಣೆ ಡಬ್ಬಿ ಮಾಡುವವರು. ಮಳೆ ಅಳೆಯಲು ಮೂರು ಡಬ್ಬಿ ಬೇಕು, ಬಾಯಿಗೆ ಲಾಳಿಕೆ ಕೂಡಿಸಿರಬೇಕು ಎಂದೆ. ಅವರು ಯಾತಕ್ಕೆ, ಎಲ್ಲಿಡುತ್ತೀರಿ ಎಂದೆಲ್ಲ ವಿಚಾರಿಸಿಕೊಂಡರು.

“ಮೂರರ ಬಾಯೀನೂ ಒಂದ ಅಳತಿ ಇರಬೇಕ್ರಿ ಅಕ್ಕಾರ. ಇಲ್ಲಾಂದ್ರ ಮಳಿ ಸುಳ್ಳು ಹೇಳೂದಿಲ್ಲ, ಡಬ್ಬಿ ಸುಳ್ಳು ಹೇಳತಾವ,” ಎಂದರು. ಮೊದಲು ಮಾಡಿದ ಒಂದು ಡಬ್ಬಿಯ ಬಾಯಿ ಕೂದಲೆಳೆಯಷ್ಟು ದೊಡ್ಡದಾಯಿತೆಂದು ಅದನ್ನು ಬದಿಗಿಟ್ಟು ಮತ್ತೊಂದು ಮಾಡಿಕೊಟ್ಟರು. ಮಕ್ಕಳಿಗೆ ನಾನು ಹೇಳಬೇಕಾಗಿದ್ದ ವಿಜ್ಞಾನ ಅದೇ ಆಗಿತ್ತು. ಅದನ್ನು ಅವರ ಅಂಗಡಿಯಲ್ಲಿ ನಿಂತು ನಾನೇ ಕಲಿತೆ.

ಒಂದು ಡಬ್ಬಿ ಶಾಲೆಯ ಅಂಗಳದಲ್ಲಿ ಇಟ್ಟೆವು. ಒಂದನ್ನು ಫ್ಯಾನುಗಳಿಂದ ದೂರವಿದ್ದ ಲಕ್ಕಲಕಟ್ಟಿ ಎಂಬ ಊರಿನಲ್ಲಿ ನನಗೆ ಪರಿಚಯವಿದ್ದ ಶಿಕ್ಷಕಿಯ ಮನೆಯ ಹಿತ್ತಲಲ್ಲಿ ಇಡಿಸಿದೆ. ಮೂರನೆಯದು ಗುಡ್ಡದ ಮೇಲೆ, ಫ್ಯಾನುಗಳ ಹತ್ತಿರ. ಅದನ್ನು ನೋಡಿಕೊಳ್ಳುವ ಕೆಲಸ ಆಯಿ ತಾನೇ ವಹಿಸಿಕೊಂಡಳು. ಅವಳಿಗೆ ಓದು ಬರಹ ಇರಲಿಲ್ಲ. ನೀರು ನಿಂತ ಎತ್ತರವನ್ನು ಒಂದು ಜೋಳದ ದಂಟಿಗೆ ತಾಗಿಸಿ ಉಗುರಿನಿಂದ ಗುರುತು ಮಾಡಿ ಮೊಮ್ಮಗಳ ಕೈಯಲ್ಲಿ ಕಳಿಸುತ್ತಿದ್ದಳು. ನಾನು ಸ್ಕೇಲು ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಬಂತು, ಆಮೇಲೆ ಹಸ್ತವೂ ಹಿಡಿಯಿತು. ಒಮ್ಮೆ ಗುಡ್ಡದ ಡಬ್ಬಿಯಲ್ಲಿ ಹೆಚ್ಚು, ಒಮ್ಮೆ ಲಕ್ಕಲಕಟ್ಟಿಯದರಲ್ಲಿ ಹೆಚ್ಚು. ಫ್ಯಾನು ಇದ್ದ ಕಡೆ ಮಳೆ ಕಡಿಮೆ ಎಂದು ಹೇಳುವಂಥದ್ದೇನೂ ಕಾಣಲಿಲ್ಲ. ಒಂದೇ ಹಂಗಾಮಿನ ಮೂರು ಡಬ್ಬಿಗಳಿಂದ ಬಹಳ ದೊಡ್ಡ ಮಾತೇನೂ ಸಿದ್ಧವಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಒಳಗೊಳಗೇ ಗೆದ್ದಂತೆ ಅನಿಸಿತ್ತು. ಆಯಿಗೆ ಹೇಳಲು ಹೋದೆ. ಅವಳು ವಾದ ಮಾಡಲಿಲ್ಲ.

“ಮಳಿ ಬಂತು, ಒಪ್ಪಿದೆ. ನನ್ನ ಕೈಲೇ ಅಳದೇನಿ. ಆದ್ರ ಡಬ್ಬಿ ತುಂಬೇತಿ, ಹೊಂಡ ಯಾಕ ತುಂಬಿಲ್ಲ?”

ಗುಡ್ಡದ ಬುಡದಲ್ಲಿ ಆಡು, ಕುರಿ, ದನ ನೀರು ಕುಡಿಯುವ ಹೊಂಡವೊಂದಿತ್ತು. ಅದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಭಾನುವಾರ ಅವಳ ಜೊತೆ ಹೋದೆ. ತಳದಲ್ಲಿ ರಾಡಿ ಮಾತ್ರ ಇತ್ತು. ಅಲ್ಲಿಂದ, ಹೊಂಡಕ್ಕೆ ನೀರು ತರುವ ಹಳ್ಳದ ಗುಂಟ ಮೇಲೆ ಹತ್ತಿದೆವು. ಫ್ಯಾನಿನ ಉದ್ದುದ್ದ ರೆಕ್ಕೆಗಳನ್ನು ಸಾಗಿಸಲು ಕಂಪನಿಯವರು ಗುಡ್ಡದ ಮೈಮೇಲೆ ಮೊರಂ ಮಣ್ಣು ಸುರಿದು ಎತ್ತರದ ರಸ್ತೆ ಮಾಡಿದ್ದರು. ಆ ರಸ್ತೆ ಹಳ್ಳಕ್ಕೆ ಅಡ್ಡ ಬಿದ್ದಿತ್ತು. ಕೆಳಗೆ ನೀರು ಹಾಯಲು ಪೈಪು ಇರಲಿಲ್ಲ. ನೀರು ರಸ್ತೆಯ ಬದಿ ಹಿಡಿದು ಹರಿದು, ಆಚೆ ಇಳಿಜಾರಿಗೆ ಬಿದ್ದು ಹೋದ ಗುರುತು ಮಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಫ್ಯಾನು ಬಂದ ಮೇಲೆ ನೀರು ಹೋಯಿತು ಎಂದು ಊರವರು ಅಂದದ್ದು ಸುಳ್ಳಾಗಿರಲಿಲ್ಲ. ಕಾರಣ ಮಾತ್ರ ಬೇರೆ ಇತ್ತು. ಅಷ್ಟು ದಿನ ನಾನು ಆಕಾಶವನ್ನೇ ನೋಡುತ್ತಿದ್ದೆ.

ಇತ್ತ ಕಂಪನಿಯ ಅಧಿಕಾರಿಗೆ ಡಬ್ಬಿಗಳ ಸುದ್ದಿ ಮುಟ್ಟಿತ್ತು. ಮೈಸೂರು ಕಡೆಯವರು, ಸಭ್ಯಸ್ಥರು. ಶಾಲೆಗೇ ಬಂದರು. “ನೀವು ಹೇಳಿದ್ರೆ ಜನ ನಂಬ್ತಾರೆ ಮೇಡಂ. ಇನ್ನೂ ಕೆಲವು ಫ್ಯಾನು ಹಾಕೋದಿದೆ. ಒಂದು ಸಭೆ ಮಾಡೋಣ,” ಎಂದರು. ನಾನು ಒಪ್ಪಿಕೊಂಡೆ. ಆಯಿಯೂ ಮಾತಾಡುತ್ತಾಳೆ ಎಂದೆ. ಅವರು ನಕ್ಕು, ಆಗಲಿ ಎಂದರು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ನಾನು ನೋಟ್‌ಬುಕ್ಕು ತೆರೆದು ಮೂರು ಡಬ್ಬಿಗಳ ಲೆಕ್ಕ ಓದಿದೆ. ಫ್ಯಾನು ಮಳೆ ಓಡಿಸುತ್ತವೆ ಎಂಬುದಕ್ಕೆ ನಮಗೆ ಆಧಾರ ಸಿಗಲಿಲ್ಲ ಎಂದೆ. ಅಧಿಕಾರಿ ತಲೆಯಾಡಿಸಿದರು. ಆಮೇಲೆ ಆಯಿ ಎದ್ದಳು. ಸೆರಗು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಹೇಳುವ ಧಾಟಿಯಲ್ಲೇ ಶುರು ಮಾಡಿದಳು.

“ಅಣ್ಣ ಗಾಣ ತಿರುವಾಕತ್ತಿದ್ದ. ಆದ್ರೂ ತಂಗೀನ ಮರೀಲಿಲ್ಲ. ಹೋಗಿ ಕರಕೊಂಡ ಬಂದ. ನಾ ತಪ್ಪು ಹೇಳಿದ್ದೆ, ಈಗ ತಿದ್ದತೇನಿ. ತಂಗಿ ಬಂದ್ಳು, ತವರ ಮನಿ ಬಾಗಲಕ್ಕ ಗ್ವಾಡಿ ಕಟ್ಟಿದ್ರು. ನಿಂತು ನಿಂತು ನೋಡಿದ್ಳು, ಹೊಳ್ಳಿ ಹ್ವಾದ್ಳು. ಗ್ವಾಡಿ ಯಾರು ಕಟ್ಟ್ಯಾರ ಅನ್ನೂದು ಇಲ್ಲಿ ಕುಂತವರಿಗೆ ಗೊತ್ತೈತಿ.”

ಅಧಿಕಾರಿ ನನ್ನ ಕಡೆ ಬಗ್ಗಿ, “ಏನು ಹೇಳ್ತಿದಾರೆ ಇವರು?” ಎಂದು ಕೇಳಿದರು.

“ನಿಮ್ಮ ರಸ್ತೆ ಹಳ್ಳ ಮುಚ್ಚಿದೆ ಅಂತ,” ಎಂದೆ. ಎಷ್ಟು ಮಳೆ ಬಿತ್ತು, ಹೊಂಡದಲ್ಲಿ ಎಷ್ಟು ನಿಂತಿತು ಎಂಬುದನ್ನು ಬರೆದಿದ್ದ ಪುಟವನ್ನೂ ತೋರಿಸಿದೆ. ರಸ್ತೆಯ ಕೆಲಸ ಬೇರೆ ಗುತ್ತಿಗೆದಾರರದು ಎಂದು ಅವರು ಹೇಳಿದರು. ಆಯಿ ಅದಕ್ಕೆ ಶಾಂತವಾಗಿ, “ಅವರ ಮನಿ ನಮಗ ಗೊತ್ತಿಲ್ರಿ. ನಿಮ್ಮನ್ನ ಕಂಡೇವಿ. ಬರ್ರಿ, ತೋರಸತೇನಿ,” ಎಂದಳು. ಅವರು ಬಂದರು. ಒಳ್ಳೆಯ ಬೂಟು ಹಾಕಿಕೊಂಡು ಹಳ್ಳದ ಗುಂಟ ಮೇಲಿನವರೆಗೂ ಹತ್ತಿದರು. ನೋಡಿ, ಫೋಟೋ ತೆಗೆದುಕೊಂಡರು.

ಮುಂದಿನ ಬೇಸಿಗೆಯಲ್ಲಿ ರಸ್ತೆ ಅಗೆದು ಎರಡು ಸಿಮೆಂಟ್ ಪೈಪು ಹಾಕಿದರು. ಆ ಮಳೆಗಾಲ ಹೊಂಡ ಅರ್ಧಕ್ಕಿಂತ ಹೆಚ್ಚು ತುಂಬಿತು. ಹೊಸ ಫ್ಯಾನುಗಳಿಗೆ ಊರು ಅಡ್ಡಿ ಮಾಡಲಿಲ್ಲ. ಆದರೆ ಗುಡ್ಡದ ಮೇಲಿನ ಎರಡು ಫ್ಯಾನುಗಳ ಸುತ್ತ ಕಂಪನಿಯ ಕಾವಲುಗಾರ ಆಡುಗಳನ್ನು ಬಿಡುತ್ತಿರಲಿಲ್ಲ. ಅದಕ್ಕೆ ನಾವು ಮಾಡಿದ ಅರ್ಜಿಗೆ ಉತ್ತರ ಬರಲಿಲ್ಲ. ಆಯಿ ಬಳಸು ದಾರಿ ಹಿಡಿಯುತ್ತಿದ್ದಳು.

ಊರಿನ ಕರೆಂಟು ಮೊದಲಿನಂತೆಯೇ ಹೋಗಿಬಂದು ಮಾಡುತ್ತಿತ್ತು. ಒಂದು ಸಂಜೆ ಅವಳ ಕಟ್ಟೆಯ ಮೇಲೆ ಚಿಮಣಿ ಹಚ್ಚಿಕೊಂಡು ಕೂತಿದ್ದೆವು. ಗುಡ್ಡದ ಮೇಲೆ ಫ್ಯಾನು ತಿರುಗುತ್ತಿದ್ದವು.

“ಆ ಕರೆಂಟ್ ಎಲ್ಲಿ ಹೋಗತೈತ್ರಿ?” ಎಂದಳು.

“ನಮ್ಮ ನರಗುಂದದ ಕಾಲವಿ ಇದ್ದಂಗ, ಆಯಿ. ಎಲ್ಲಾ ಕಡೆದೂ ಒಂದರಾಗ ಕೂಡತೈತಿ, ಅಲ್ಲಿಂದ ಹಂಚತಾರ.”

“ಹಂಗಾರ ನಾವು ಕಾಲವಿ ಕಡೀ ಹೊಲದವರು,” ಎಂದು ಎದ್ದು ಆಡು ಕಟ್ಟಲು ಹೋದಳು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದೇ ಅಪರೂಪ ಎಂಬುದನ್ನು ನರಗುಂದದಲ್ಲಿ ನಾನು ಕಂಡಿದ್ದೆ.

ಎರಡು ವರ್ಷದ ನಂತರ ನನಗೆ ವರ್ಗವಾಯಿತು. ಒಮ್ಮೆ ರೋಣದಲ್ಲಿ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಅನುಭವ ಹೇಳಲು ಕರೆದಿದ್ದರು. ಮೂಢನಂಬಿಕೆಯನ್ನು ಮೂರು ಡಬ್ಬಿಗಳಿಂದ ಹೇಗೆ ಹೋಗಲಾಡಿಸಿದೆ ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ಮರಳುವಾಗ ನೆನಪಾಯಿತು: ಹೊಂಡದ ಮಾತನ್ನೇ ನಾನು ಆಡಿರಲಿಲ್ಲ. ಮರೆತೆನೋ, ನಾನು ತಪ್ಪಿದ ಭಾಗವೆಂದು ಬಿಟ್ಟೆನೋ, ಈಗಲೂ ಖಚಿತವಾಗಿ ಹೇಳಲಾರೆ. ಮುಂದಿನ ವರ್ಷ ಮತ್ತೆ ಕರೆದಾಗ ಹೊಂಡದಿಂದಲೇ ಶುರು ಮಾಡಿದೆ. ಚಪ್ಪಾಳೆ ಕಡಿಮೆ ಬಿತ್ತು, ಪ್ರಶ್ನೆಗಳು ಬಹಳ ಬಂದವು. ಊಟದ ವೇಳೆ ಮೀರಿ ಮಾತು ನಡೆಯಿತು.