ಸ್ಟೇಷನ್ನಿಗೆ ಬಂದ ನೀಲಿ ಕೋಟು

ತೊಂಬತ್ತರ ದಶಕದ ಕೊನೆಯಲ್ಲಿ, ಮ್ಯಾಂಚೆಸ್ಟರಿನಲ್ಲಿ ಪಿಎಚ್.ಡಿ. ಮಾಡುವಾಗ, ವೃದ್ಧ ಇಟಾಲಿಯನ್ ದಂಪತಿಯ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಬ್ಬರ ಅಪ್ಪಂದಿರೂ ಇಟಲಿಯಿಂದ ಬಂದು ಇದೇ ಊರಲ್ಲಿ ಐಸ್‌ಕ್ರೀಮ್ ಗಾಡಿ ತಳ್ಳಿದವರು. ಭಾನುವಾರ ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರು. ಊಟದ ಮೇಲೆ ಕಾಫಿಗೆ ಹಾಲು ಬೆರೆಸುವುದು ಇಟಾಲಿಯನ್ನರಿಗೆ ಮಹಾಪಾಪ; ನಾನು ಹಾಲು ಕೇಳಿದರೆ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು, ಕೊಡದೆ, ಪಾತ್ರೆ ತೊಳೆಯಲು ಹೋಗುತ್ತಿದ್ದರು. ಆಗ ಅಜ್ಜನ ಕಥೆ ಶುರುವಾಗುತ್ತಿತ್ತು.

ಮಹಾಯುದ್ಧದಲ್ಲಿ ಇಟಲಿ ಬ್ರಿಟನ್ನಿನ ವೈರಿಯಾದಾಗ ಪೊಲೀಸರು ಅಜ್ಜನನ್ನು ಹಿಡಿದು ಮ್ಯಾನ್ ದ್ವೀಪದ ಶಿಬಿರಕ್ಕೆ ಸಾಗಿಸಿದರಂತೆ. ರೈಲು ಹೊರಟಾಗ, ಇನ್ನೂ ಮದುವೆಯಾಗಿರದ ಅಜ್ಜಿ ನೀಲಿ ಕೋಟು ತೊಟ್ಟು ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡಿಬಂದರಂತೆ.

"ಮೂರು ವರ್ಷ ಮುಳ್ಳುತಂತಿ ಒಳಗೆ ಆ ಕೋಟನ್ನೇ ನೆನೆಸ್ಕೊಂಡು ಇದ್ದೆ," ಎನ್ನುತ್ತಿದ್ದರು. ಮೂರೋ ನಾಲ್ಕೋ, ಈಗ ನನಗೆ ಖಾತ್ರಿಯಿಲ್ಲ.

ಆಗ ಮಾತ್ರ ಎಲ್ಲಕ್ಕೂ ಆಧಾರ ಬೇಕಿತ್ತು. ಒಂದು ಭಾನುವಾರ ಅಜ್ಜಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ: "ಅಜ್ಜಿ, ಆ ರೈಲು ಎಷ್ಟು ಹೊತ್ತಿಗೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾವ ರೈಲು? ನಾನು ಮಿಲ್ಲಲ್ಲಿದ್ದೆ. ಈ ಮುದುಕನ್ನ ಕರ್ಕೊಂಡು ಹೋದ್ರು ಅಂತ ಗೊತ್ತಾಗಿದ್ದೇ ಎರಡು ದಿನ ಆದ್ಮೇಲೆ. ನೀಲಿ ಕೋಟು ಕೊಡ್ಸೋಕೆ ನಮ್ಮಪ್ಪ ಏನು ಲಾರ್ಡಾ?"

ಅಜ್ಜ ಚಮಚ ಕೆಳಗಿಟ್ಟರು. "ನೀನು ಬಂದಿರ್ಲಿಲ್ವಾ?"

ಎದ್ದು ಹಿತ್ತಲಿಗೆ ಹೋಗಿ ಟೊಮೇಟೊ ಗಿಡಗಳ ನಡುವೆ ನಿಂತರು. ಆ ವಾರವಿಡೀ ಬೆಳಗಿನ ಅವರ ಹಾಡು ಮಹಡಿಗೆ ಕೇಳಲಿಲ್ಲ. ನಾನು ಒಂದು ಪ್ರಶ್ನೆ ಕೇಳಿ ಅವರ ಮೂರು ವರ್ಷವನ್ನೇ ಕಿತ್ತುಕೊಂಡಿದ್ದೆ.

ಮುಂದಿನ ಭಾನುವಾರ ಅಜ್ಜಿ ಕಾಫಿ ತಂದರು. ನಾನು ಕೇಳದೆಯೇ ನನ್ನ ಕಪ್ಪಿಗೆ ಧಾರಾಳವಾಗಿ ಹಾಲು ಸುರಿದರು.

"ನೆನಪಾಯ್ತು ಕಣೋ, ಸ್ಟೇಷನ್ನಿಗೆ ಬಂದಿದ್ದೆ," ಎಂದರು ಗಂಡನಿಗೆ. "ಕೋಟು ನಮ್ಮಕ್ಕಂದು. ಕೇಳ್ದೆ ಹಾಕ್ಕೊಂಡು ಬಂದಿದ್ದೆ, ಅದಕ್ಕೇ ಯಾರಿಗೂ ಹೇಳಿರ್ಲಿಲ್ಲ."

ಹೇಳುವಾಗ ಕಣ್ಣು ಮಾತ್ರ ನನ್ನ ಮೇಲಿತ್ತು.

"ನೋಡಿದ್ಯಾ, ಪ್ರೊಫೆಸರ್!" ಅಜ್ಜ ಮೇಜು ಗುದ್ದಿದರು.

"ತಪ್ಪಾಯ್ತು ಅಜ್ಜ," ಎಂದು ಕಾಫಿ ಕುಡಿದೆ.

ಇದನ್ನು ಹೇಳುವಾಗಲೆಲ್ಲ ನನ್ನ ಹೆಂಡತಿ ತಡೆಯುತ್ತಾಳೆ: "ರೀ, ಹೋದ್ಸಲ ಹಸಿರು ಕೋಟು ಅಂದಿದ್ರಿ!"

ಇರಬಹುದು. ಆದರೆ ನೀಲಿಯೇ. ನಾನು ಆ ಹಾಲಿನ ಕಾಫಿ ಕುಡಿದವನು.