ಜಾಡಿಯ ತಳದ ಚೀಟಿ

ವಿನೋಬನಗರದ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ಬೀರು ಇದೆ. ಬಹುಕಾಲ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿ, ಅವಧಿಗೆ ಮುನ್ನವೇ ನಿವೃತ್ತಿ ಪಡೆದ ನನಗೆ ಇನ್ನು ಉಳಿದಿರುವ ತರಗತಿ ಅದೊಂದೇ. ಅದರೊಳಗಿರುವುದು ಕುಂಬಾರರ ತಿಗರಿಯ ಮೇಲೆ ಮಣ್ಣನ್ನು ಕೈಯಿಂದ ಎತ್ತಿ, ಮೆರುಗು ಬಳಿದು, ಭಟ್ಟಿಯಲ್ಲಿ ಸುಟ್ಟ ಬಟ್ಟಲು, ಹೂಜಿ, ಜಾಡಿಗಳು. ಪ್ರತಿಯೊಂದರ ತಳಕ್ಕೂ ಅಂಕಿ ಬರೆದ ಚೀಟಿಯನ್ನು ಅಂಟಿಸುವುದು, ಅದೇ ಅಂಕಿಯಡಿ ನೋಟ್‌ಬುಕ್ಕಿನಲ್ಲಿ ಎತ್ತರ, ಸುತ್ತಳತೆ, ಬಣ್ಣ, ತಂದ ದಿನಾಂಕಗಳನ್ನು ದಾಖಲಿಸುವುದು ನನ್ನ ಪದ್ಧತಿ.

ಅವುಗಳಲ್ಲಿ ಹೆಚ್ಚಿನವು ಭದ್ರಾವತಿಯ ಒಬ್ಬರೇ ವ್ಯಕ್ತಿಯ ಕೈಕೆಲಸ. ಅವರು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ಕೆಲಸ ಬಿಟ್ಟ ಮೇಲೆ ಹಿತ್ತಲಿನಲ್ಲಿ ತಾವೇ ಸೌದೆಯ ಭಟ್ಟಿಯೊಂದನ್ನು ಕಟ್ಟಿಕೊಂಡವರು. ಶಾಖವನ್ನು ಅಳೆಯಲು ಅವರಿಗೆ ಉಪಕರಣ ಬೇಕಿಲ್ಲ, ಕಿಂಡಿಯಲ್ಲಿ ಕಾಣುವ ಬೆಂಕಿಯ ಬಣ್ಣವೇ ಸಾಕು. ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ಅವರ ಒಂದು ಗಿಡ್ಡ ಜಾಡಿ. ಹಾಲಿಗೆ ಎಲ್ಲೋ ತುಸು ನೀಲಿ ಬೆರೆತಂತಹ ಬಣ್ಣ. ಬಾಯಂಚಿನಲ್ಲಿ ಮಾತ್ರ ಕಂದು. ನನ್ನ ನೋಟ್‌ಬುಕ್ಕಿನಲ್ಲಿ ಅದು ಒಂದನೆಯ ಅಂಕಿ.

ಹೋದ ವರ್ಷ ಅವರು ಫೋನ್ ಮಾಡಿದರು.

“ಮೇಷ್ಟ್ರೇ, ಆ ನೀಲಿ ಜಾಡಿ ಒಂದ್ಸಲ ತರ್ತೀರಾ? ಕಣ್ಣಿನ ಡಾಕ್ಟ್ರು ಇನ್ನು ಬೆಂಕಿ ನೋಡ್ಬೇಡ ಅಂದ್ಬಿಟ್ರು. ಇದೊಂದೇ ಭಟ್ಟಿ ಹಾಕ್ತೀನಿ ಅಂತ ಒಪ್ಪಿಸಿದೀನಿ. ಆ ಬಣ್ಣ ಇನ್ನೊಂದ್ಸಲ ಬರ್ಬೇಕು. ಆಗ ಏನು ಬೆರೆಸಿದ್ದೆನೋ, ಮರ್ತೇ ಹೋಗಿದೆ.”

ನಾನು ಉತ್ಸಾಹದಿಂದ ನೋಟ್‌ಬುಕ್ಕನ್ನು ತೆರೆದೆ. ಎತ್ತರ, ಸುತ್ತಳತೆ, ದಿನಾಂಕ, ಎಲ್ಲವೂ ದುಂಡು ಅಕ್ಷರದಲ್ಲಿದ್ದವು. ಅದನ್ನು ಏನು ಬೆರೆಸಿ ಮಾಡಿದಿರಿ ಎಂಬ ಒಂದು ಪ್ರಶ್ನೆಯನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.

ಜಾಡಿಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಗೆ ಹೋದೆ. ಅವರು ಅದನ್ನು ಬೆಳಕಿಗೆ ಹಿಡಿದರು, ಕಣ್ಣಿನ ಹತ್ತಿರಕ್ಕೆ ತಂದರು, ಕೊನೆಗೆ ಸೋತು ಕೆಳಗಿಟ್ಟರು.

“ಒಡೆದ್ರೆ ಮೆರುಗಿನ ಪದರ ಗೊತ್ತಾಗತ್ತೆ” ಎಂದವರು ನನ್ನ ಮುಖ ನೋಡಲಿಲ್ಲ. “ಕೇಳೋಕೆ ನಂಗೆ ಬಾಯಿ ಬರಲ್ಲ.”

ಇಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು ಎಂಬುದನ್ನು ಮುಚ್ಚಿಡಲಾರೆ. ಆದರೆ ಆ ಕಣ್ಣುಗಳಿಗೆ ಉಳಿದಿರುವುದು ಒಂದೇ ಭಟ್ಟಿ. “ಒಡೆಯಿರಿ” ಎಂದೆ.

ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಜಾಡಿಯನ್ನು ತಲೆಕೆಳಗು ಮಾಡಿದರು. ಇಡೀ ತಳವನ್ನು ನನ್ನ ಅಗಲವಾದ ಚೀಟಿ ಮುಚ್ಚಿಕೊಂಡಿತ್ತು.

“ಇದೇನು ಮೇಷ್ಟ್ರೇ, ಇದಕ್ಕೂ ರೋಲ್ ನಂಬರ್ರಾ? ದಿನಾ ಹಾಜರಿ ಕೂಗ್ತೀರೋ ಹೆಂಗೆ?”

“ಸುಮ್ನಿರೇ ಮಾರಾಯ್ತಿ” ಎಂದರು ಗಂಡ.

“ನಾನ್ಯಾಕೆ ಸುಮ್ನಿರ್ಲಿ? ಪಾತ್ರೆ ಕೈಗೆ ಬಂದ್ರೆ ಮೊದ್ಲು ತಳ ನೋಡೋರು ನೀವು. ಇವತ್ತು ಅದನ್ನ ನೋಡ್ದೆ ಒಡೆಯೋಕೆ ಹೊರಟಿದೀರಿ!”

ಆಕೆ ಜಾಡಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದರು. ಚೀಟಿ ನೆನೆದು ಸಿಪ್ಪೆಯಂತೆ ಎದ್ದಿತು. ಅಂಟನ್ನು ತೊಳೆದು ಗಂಡನ ಕೈಗೆ ಕೊಟ್ಟಾಗ ಅವರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಳವನ್ನು ಸವರಿದರು. ನಾನೂ ಬಗ್ಗಿ ನೋಡಿದೆ. ಮೆರುಗಿಲ್ಲದ ಮಣ್ಣಿನ ಮೇಲೆ ಭತ್ತದ ಕಾಳಿನ ಆಕಾರದ ಪುಟ್ಟ ಪುಟ್ಟ ತಗ್ಗುಗಳು.

“ಹೊಟ್ಟು” ಎಂದರು ಅವರು. ಮತ್ತೆ ಸವರಿದರು. “ಭತ್ತದ ಹೊಟ್ಟು ಕಣೇ! ಆ ಸಲ ಮೆರುಗಿಗೆ ಸೌದೆ ಬೂದಿ ಸಾಲ್ದೆ ಬಂತು, ನೆನಪಿದೆಯಾ? ಮಲವಗೊಪ್ಪದ ಅಕ್ಕಿ ಮಿಲ್ಲಿಂದ ಎರಡು ಚೀಲ ಹೊಟ್ಟು ತಂದಿದ್ದೆ. ಭಟ್ಟಿಯಲ್ಲಿ ತಳ ಅಂಟ್ಕೋಬಾರ್ದು ಅಂತ ಜಾಡಿ ಕೆಳಗೂ ಅದನ್ನೇ ಹಾಸ್ದೆ, ಸುಟ್ಟು ಬೂದಿ ಮಾಡಿ ಮೆರುಗಿಗೂ ಅದನ್ನೇ ಬೆರೆಸ್ದೆ.”

“ಆ ಚೀಲ ಇಳಿಸಿ ನನ್ನ ಸೊಂಟ ಹಿಡ್ಕೊಂಡಿದ್ದು ಮಾತ್ರ ನೆನಪಿದೆ” ಎಂದರು ಹೆಂಡತಿ.

ಅವರು ಹುಡುಕುತ್ತಿದ್ದ ಉತ್ತರದ ಮೇಲೆ ಇಷ್ಟು ವರ್ಷ ನಾನು ಅಂಟು ಬಳಿದು ಕಾಗದ ಮೆತ್ತಿಟ್ಟಿದ್ದೆ. ಕ್ಷಮೆ ಕೇಳಿದೆ. ಅವರಿಗದು ಕೇಳಿಸಿದಂತೆಯೇ ತೋರಲಿಲ್ಲ. ಆಗಲೇ ಮಿಲ್ಲಿಗೆ ಹೋಗಲು ಚಪ್ಪಲಿ ಮೆಟ್ಟುತ್ತಿದ್ದರು.

ಭಟ್ಟಿ ಬಿಚ್ಚುವ ಬೆಳಿಗ್ಗೆ ನನ್ನನ್ನೂ ಕರೆಸಿಕೊಂಡರು. ಬಾಯಿಗೆ ಅಡ್ಡವಿಟ್ಟ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದರು. ಮುಂದಿನ ಸಾಲಿನ ಪಾತ್ರೆಗಳು ಬರಿಯ ಬೂದುಬಣ್ಣ. ನಡುವಿನವೂ ಹಾಗೆಯೇ. ಹಿಂದಿನ ಮೂಲೆಯಿಂದ ಮೂರು ಬಟ್ಟಲುಗಳು ಹೊರಬಂದವು. ಮೂರರ ಮೇಲೂ ಆ ಹಾಲು ನೀಲಿ. ಅವರು ಒಂದನ್ನು ಅಂಗಳದ ಬಿಸಿಲಿಗೆ ಒಯ್ದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹೆಂಡತಿಗೆ ಕೊಟ್ಟು, ಇನ್ನೊಂದನ್ನು ನನ್ನ ಕೈಯಲ್ಲಿಟ್ಟರು. ಅದರಲ್ಲಿ ಭಟ್ಟಿಯ ಬಿಸಿ ಇನ್ನೂ ಇತ್ತು.

“ಮೇಷ್ಟ್ರೇ, ಇದಕ್ಕೂ ನಂಬರ್ ಹಚ್ತೀರಾ?” ಎಂದು ಆಕೆ ನಕ್ಕರು.

ಹಚ್ಚಿದ್ದೇನೆ, ಆ ಅಭ್ಯಾಸ ನನ್ನನ್ನು ಬಿಡುವಂಥದ್ದಲ್ಲ. ಆದರೆ ಈಗ ನನ್ನ ಬೀರುವಿನಲ್ಲಿ ಚೀಟಿಗಳು ತಳಕ್ಕೆ ಅಂಟಿಲ್ಲ, ದಾರದಿಂದ ಹೊರಗೆ ಜೋತುಬಿದ್ದಿವೆ. ಹಳೆಯವನ್ನೆಲ್ಲ ಒಂದು ವಾರ ಕುಳಿತು ಬಿಸಿನೀರಿನಲ್ಲಿ ಬಿಡಿಸಿದೆ. ಪ್ರತಿಯೊಂದು ತಳದಲ್ಲೂ ಏನೋ ಇತ್ತು, ಒಂದರಲ್ಲಿ ಮರಳು, ಒಂದರಲ್ಲಿ ತಿಗರಿಯಿಂದ ಬಿಡಿಸಲು ದಾರ ಎಳೆದು ಕತ್ತರಿಸಿದ ಸುರುಳಿ ಗುರುತು, ಒಂದರಲ್ಲಿ ಅವರ ಹೆಬ್ಬೆರಳಿನ ಅಚ್ಚು. ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಎಳೆದು ಅವನ್ನೆಲ್ಲ ಬರೆದುಕೊಂಡಿದ್ದೇನೆ. ಸಂಶಯ ಬಂದಲ್ಲಿ ಭದ್ರಾವತಿಗೆ ಫೋನ್ ಮಾಡಿ ಕೇಳುತ್ತೇನೆ, ಅವರು ಬೇಸರಿಸದೆ ಹೇಳುತ್ತಾರೆ.