ವಿದ್ಯಾವತಿಯ ಕೆಂಪು ದೀಪ

ನನ್ನ ಹೆಂಡತಿ ವಿದ್ಯಾವತಿಯನ್ನು ಹೊಗಳುವವರ ಸಾಲಿನಲ್ಲಿ ನಾನು ಕಟ್ಟಕಡೆಯವನು. ಹೊಗಳಬಾರದೆಂದಲ್ಲ, ಹೊಟ್ಟೆಕಿಚ್ಚು ಬಿಡಬೇಕಲ್ಲ! ಸಿಂದಗಿಯ ಶಂಕರೆಪ್ಪ ಸಾಹುಕಾರರ ವರ್ಕ್‌ಶಾಪಿನಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನಲ್ ಕಟ್ಟುತ್ತ ಹದಿನೆಂಟು ವರ್ಷ ಕಳೆದವನು ನಾನು, ಕಲ್ಮೇಶ. ತಗಡಿನ ಪೆಟ್ಟಿಗೆ, ಬಾಗಿಲ ಮೇಲೆ ಚಾಲೂ ಮಾಡುವ ಹಸಿರು ಬಟನ್, ಬಂದ್ ಮಾಡುವ ಕೆಂಪು ಬಟನ್, ಅವುಗಳ ಮೇಲೆ ಬಣ್ಣದ ದೀಪಗಳು, ಒಳಗೆ ನೂರಾರು ತಂತಿ. ಅವಳಿಗೆ ಈ ಕೆಲಸ ಕಲಿಸಿದವನೂ ನಾನೇ. ಅದನ್ನು ಈಗ ಯಾರೂ ನೆನೆಯುವುದಿಲ್ಲ.

ಆರು ವರ್ಷದ ಹಿಂದೆ, ಸಕ್ಕರೆ ಕಾರ್ಖಾನೆಗಳ ಸೀಜನ್ನಿನಲ್ಲಿ ಕೆಲಸ ಮೈಮೇಲೆ ಬಿದ್ದಾಗ, ದೀಪ-ಬಟನ್ನುಗಳ ಚೀಲವನ್ನು ಮನೆಗೇ ಹೊತ್ತು ತಂದೆ. "ಇವಕ್ಕ ತಂತಿ ಬಿಗದು ಕೊಡು" ಎಂದೆ. ತವರೂರು ಮೋರಟಗಿಯಲ್ಲಿ ಹತ್ತನೇ ಇಯತ್ತೆವರೆಗೆ ಓದಿದವಳು. ರೊಟ್ಟಿ ಬಡಿದ ಕೈ ತೊಳೆದುಕೊಂಡು ಬಂದು ಕೂತಳು. ಮೂರು ತಿಂಗಳಿಗೆ, ಯಾವ ತಂತಿ ಎಲ್ಲಿಗೆಂದು ತೋರಿಸುವ ಡ್ರಾಯಿಂಗ್ ಓದಲು ಕಲಿತಳು. ವರ್ಷ ತುಂಬುವುದರೊಳಗೆ ಸಾಹುಕಾರರು ನನ್ನ ಪಕ್ಕದಲ್ಲೇ ಅವಳಿಗೊಂದು ಟೇಬಲ್ ಹಾಕಿಸಿದರು. ಆಗ ಓಣಿ ತುಂಬ ಹೇಳಿಕೊಂಡು ತಿರುಗಿದ ಹುಚ್ಚನೂ ನಾನೇ.

ಅವಳದೊಂದು ಚಾಳಿ. ತಂತಿ ಬಿಗಿದ ಮೇಲೆ ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡುತ್ತಾಳೆ. ನೂರು ತಂತಿ ಇದ್ದರೆ ನೂರು ಸಲ. ಇನ್ನೊಂದು ಚಾಳಿ, ಯಂತ್ರ ನಡೆಸುವವರ ಹತ್ತಿರ ಹೋಗಿ ಮಾತಾಡುವುದು. ಅಗರಖೇಡದಿಂದ ಲಿಂಬೆಹಣ್ಣು ಆರಿಸುವ ಯಂತ್ರದ ಪ್ಯಾನಲ್ ಕೆಲಸ ಬಂದಾಗ, ಬೆಲ್ಟಿನ ಮುಂದೆ ಕೂರುವ ಹೆಂಗಸರನ್ನು ಕೇಳಿಕೊಂಡು ಬಂದು, ಬಂದ್ ಬಟನನ್ನು ಅವರ ಎಡಗೈಗೆ ಸಿಗುವಂತೆ ಕೆಳಗಿಳಿಸಿದಳು. ಡ್ರಾಯಿಂಗಿನಲ್ಲಿ ಇಲ್ಲದ ಕೆಲಸ! ನಾನು ಬೈದೆ. ಸಾಹುಕಾರರು ಭೇಷ್ ಎಂದರು. ಅಂದಿನಿಂದ ಅಗರಖೇಡ, ಇಂಡಿ ಕಡೆಯ ಫೋನ್ ಬಂದರೆ ಒಂದೇ ಮಾತು: "ಆ ಅಕ್ಕಾರು ಕಟ್ಟಿದ ಪ್ಯಾನಲ್ ಬೇಕ್ರಿ." ಹದಿನೆಂಟು ವರ್ಷದಲ್ಲಿ ನನ್ನ ಹೆಸರು ಹಿಡಿದು ಕೇಳಿದವನು ಒಬ್ಬನಿಲ್ಲ. ಹೊಟ್ಟೆ ಉರಿಯದೆ ಏನಾದೀತು?

ಹೋದ ತಿಂಗಳು, ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಮಶಾಕಸಾಬರು ವಯಸ್ಸಾಯಿತೆಂದು ಕೆಲಸ ಬಿಟ್ಟರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಜಾಗವಿಲ್ಲ. ಹೊರಗೆ ಹೋಗುವ ಪ್ರತಿ ಪ್ಯಾನಲ್ಲಿನ ಬಾಗಿಲೊಳಗೆ ಟೆಸ್ಟ್ ಮಾಡಿದವರ ಸಹಿ ಇರುತ್ತದೆ. "ಸೋಮವಾರ ನಿಮ್ಮಿಬ್ಬರ ಪ್ಯಾನಲ್ ನೋಡಿ, ಯಾರಂತ ಹೇಳ್ತೇನಿ" ಎಂದರು ಸಾಹುಕಾರರು. ಯಾರ ಹೆಸರು ಬರುತ್ತದೆಂದು ವರ್ಕ್‌ಶಾಪಿಗೆಲ್ಲ ಗೊತ್ತಿತ್ತು.

ಅವಳು ಕಟ್ಟಿದ್ದು ಅಗರಖೇಡದ್ದೇ ಎರಡನೆಯ ಯಂತ್ರದ ಪ್ಯಾನಲ್. ಸೋಮವಾರ ಊಟಕ್ಕೆಂದು ಅವಳು ಕೈ ತೊಳೆಯಲು ಹೋದಾಗ ನಾನು ಅದರ ಬಾಗಿಲು ತೆರೆದು, ಕೆಂಪು ದೀಪದ ಸ್ಕ್ರೂ ಸಡಿಲಿಸಿ, ತಂತಿ ಕಿತ್ತು ಬಿಟ್ಟೆ. ಬೆಲ್ಟ್ ಸಿಕ್ಕಿಕೊಂಡು ನಿಂತಿದ್ದರೂ ಮೋಟರಿಗೆ ಕರೆಂಟ್ ಇದೆ, ಕೈ ಹಾಕಬೇಡಿ ಎನ್ನುವ ದೀಪ ಅದು. ಕಿತ್ತಾಗ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಸಾಹುಕಾರರ ಎದುರು ಅವಳು ಹಸಿರು ಬಟನ್ ಒತ್ತಿದಳು. ಮೋಟರ್ ತಿರುಗಿತು. ಕೆಂಪು ದೀಪ ಹತ್ತಲಿಲ್ಲ. ಅವಳು ಎಲ್ಲ ಬಂದ್ ಮಾಡಿ, ಬಾಗಿಲು ತೆಗೆದು, ಜೋತುಬಿದ್ದ ತಂತಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಯವ್ವಾ, ಇದನ್ನ ಜಗ್ಗಿ ನೋಡಿದ್ದಿಲ್ಲೇನು?" ಎಂದರು ಸಾಹುಕಾರರು.

"ಮರ್ತಬಿಟ್ಟೇನ್ರಿ ಸಾವ್ಕಾರ್ರ."

ನನ್ನ ಪ್ಯಾನಲ್ಲಿನಲ್ಲಿ ತಪ್ಪು ಸಿಗಲಿಲ್ಲ; ಟೆಸ್ಟಿಂಗ್ ನನಗೆ ಬಂತು. ಎಲ್ಲರೂ ಕೈ ಕುಲುಕಿದರು. ರಾತ್ರಿ ಮನೆಯಲ್ಲಿ ಅವಳು ರೊಟ್ಟಿಯ ತಾಟನ್ನು ನನ್ನ ಮುಂದೆ ಕುಕ್ಕಿದಳು.

"ನನ್ನ ಮ್ಯಾಲ ಹೊಟ್ಟಿಕಿಚ್ಚು ಇದ್ರ ನನಗ ಬೈರಿ. ದೀಪಕ್ಕ ಯಾಕ ಕೈ ಹಚ್ಚಿದ್ರಿ? ದೀಪ ಹತ್ತಿಲ್ಲಂತ ಯಾವಾಕಿನರ ಬೆಲ್ಟಿನ್ಯಾಗ ಕೈ ಹಾಕಿದ್ರ?"

"ಟೆಸ್ಟಿನ್ಯಾಗ ಗೊತ್ತಾಗೇ ಆಗ್ತಿತ್ತಲ್ಲ" ಎಂದೆ.

"ಹೌದ್ರಿ. ಇನ್ನ ಮ್ಯಾಲ ಟೆಸ್ಟ್ ಮಾಡಾವ್ರು ನೀವ ಅಲ್ಲೇನು?"

ತಾಟು ಸರಿಸಿ ಎದ್ದೆ. ಬೆಳಿಗ್ಗೆ ಸಾಹುಕಾರರಿಗೆ ನಿಜ ಹೇಳಿಬಿಡಬೇಕೆಂದುಕೊಂಡೆ. ಹನ್ನೊಂದು ದಿನವಾಯಿತು, ಸಹಿ ಹಾಕುತ್ತಲೇ ಇದ್ದೇನೆ. ಹೇಳಿದರೆ ಆ ಜಾಗ ಅವಳದಾಗುತ್ತದೆ. ಅದನ್ನು ನೋಡಿಕೊಂಡು ಪಕ್ಕದ ಟೇಬಲ್ಲಿನಲ್ಲಿ ಕೂರಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.